ಬೆಂಗಳೂರಿನಲ್ಲಿ ನಿವೃತ್ತಿ ಸಮಾರಂಭ: ಜಾಗ ಆರಿಸಲು ಸಮಗ್ರ ಮಾರ್ಗದರ್ಶಿ

ನಿವೃತ್ತಿ ಸಮಾರಂಭಕ್ಕೆ ಜಾಗ ಹುಡುಕುವವರು ಮದುವೆಗೆ ಛತ್ರ ನೋಡುವ ಕಣ್ಣಿನಿಂದಲೇ ನೋಡುವುದು ಹೆಚ್ಚು. ಅಲಂಕಾರ ಹೇಗಿದೆ, ಫೋಟೊ ಚೆನ್ನಾಗಿ ಬರುತ್ತದೆಯೇ, ಊಟಕ್ಕೆ ಎಷ್ಟು ಬಗೆ ಎಂಬಲ್ಲಿಗೇ ಮಾತು ಮುಗಿಯುತ್ತದೆ. ಮದುವೆಯಲ್ಲಿ ಮಂಟಪದ ಮಾತು ಹಿಂದೆ ಕೂತವರಿಗೆ ಕೇಳಿಸದಿದ್ದರೂ ನಡೆಯುತ್ತದೆ. ಇಲ್ಲಿ ಹಾಗಲ್ಲ. ಮೂವತ್ತೈದು ವರ್ಷ ದುಡಿದವರ ಬಗ್ಗೆ ಜೊತೆಯವರು ಆಡುವ ಮಾತು ಮತ್ತು ಕೊನೆಯಲ್ಲಿ ಅವರೇ ಎದ್ದು ನಿಂತು ಆಡುವ ಮಾತು, ಸಮಾರಂಭ ಎಂದರೆ ಅಷ್ಟೇ. ಅದನ್ನು ಕೇಳಲು ಬರುವವರಲ್ಲಿ ಬಹಳಷ್ಟು ಜನ ಮೊದಲೇ ನಿವೃತ್ತರಾದ ಹಿರಿಯರು. ಹಾಗಾಗಿ ಜಾಗವನ್ನು ಎರಡು ಪ್ರಶ್ನೆಯಿಂದ ಅಳೆಯಿರಿ. ಕೊನೆಯ ಸಾಲಿನಲ್ಲಿ ಕೂತವರಿಗೆ ಮಾತು ಸ್ಪಷ್ಟವಾಗಿ ಕೇಳುತ್ತದೆಯೇ? ಎಪ್ಪತ್ತು ದಾಟಿದವರು ಯಾರ ಹಂಗೂ ಇಲ್ಲದೆ ಬಂದು, ಊಟ ಮಾಡಿ, ಕತ್ತಲಾಗುವ ಮೊದಲು ಮನೆ ಸೇರಬಹುದೇ? ಎರಡಕ್ಕೂ ಹೌದು ಎನ್ನುವ ಜಾಗ ಸಿಕ್ಕರೆ ಉಳಿದದ್ದನ್ನು ಹೊಂದಿಸಿಕೊಳ್ಳಬಹುದು. ಯಾವುದಾದರೂ ಒಂದಕ್ಕೆ ಇಲ್ಲ ಎಂದರೆ ಎಷ್ಟೇ ಅಂದದ ಹಾಲ್ ಆದರೂ ಬಿಟ್ಟುಬಿಡಿ.

ಇಲ್ಲಿ ಹೇಳಿರುವುದು ಬೆಂಗಳೂರಿನಲ್ಲಿ 60ರಿಂದ 250 ಜನ ಸೇರುವ ಸಮಾರಂಭವನ್ನು ಮನಸ್ಸಿನಲ್ಲಿಟ್ಟುಕೊಂಡು. ಕೆಲಸವನ್ನು ಎರಡು ತಿಂಗಳ ಮೊದಲು ಶುರುಮಾಡಿ. ಮದುವೆಯ ಕಾಲವಾದರೆ ಮೂರು ತಿಂಗಳು ಬೇಕು.

ಹಂತ 1: ನಿವೃತ್ತರಾಗುವವರನ್ನೇ ಕೇಳಿ

ಗುಟ್ಟಾಗಿ ಏರ್ಪಡಿಸಿ ಬೆರಗುಗೊಳಿಸುವ ಆಸೆ ಇದ್ದರೆ ಬಿಡಿ. ಹಳೆಯ ಮೇಲಧಿಕಾರಿ, ಮೊದಲ ಊರಿನಲ್ಲಿ ಜೊತೆಗಿದ್ದ ಗುಮಾಸ್ತರು, ಡ್ರೈವರ್, ತವರಿನವರು, ಹೀಗೆ ಯಾರು ಬರಲೇಬೇಕು ಎಂಬುದು ಅವರಿಗೆ ಮಾತ್ರ ಗೊತ್ತು. ಆ ಹತ್ತು ಹದಿನೈದು ಹೆಸರನ್ನು ಮೊದಲು ಬರೆದುಕೊಳ್ಳಿ. ಅವರ ವಯಸ್ಸು, ಮನೆ ಇರುವ ಬಡಾವಣೆ, ನಡೆಯಲು ತೊಂದರೆ ಇದೆಯೇ ಎಂಬುದನ್ನೂ ಪಕ್ಕದಲ್ಲೇ ಗುರುತುಮಾಡಿ. ಜಾಗದ ಆಯ್ಕೆ ಈ ಪಟ್ಟಿಯಿಂದಲೇ ಆಗಬೇಕು.

ಎರಡನೆಯದು, ಸಮಾರಂಭ ಕಚೇರಿಯವರದೋ ಮನೆಯವರದೋ ಎಂದು ಖಚಿತಪಡಿಸಿಕೊಳ್ಳಿ. ಇಬ್ಬರೂ ಸೇರಿ ಮಾಡುವುದಾದರೆ ಹಾಲ್ ಯಾರ ಹೆಸರಿನಲ್ಲಿ, ಊಟದ ಖರ್ಚು ಯಾರದು ಎಂಬುದು ಈಗಲೇ ಇತ್ಯರ್ಥವಾಗಲಿ. ಸರ್ಕಾರಿ ಕಚೇರಿಯಾದರೆ ಇನ್ನೊಂದು ಎಚ್ಚರ ಬೇಕು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳ 14ನೇ ನಿಯಮ ಖಾಸಗಿ ಹಾಗೂ ಅನೌಪಚಾರಿಕ ಸ್ವರೂಪದ ಬೀಳ್ಕೊಡುಗೆಗೆ ಅವಕಾಶ ಕೊಡುತ್ತದೆ. ಆದರೆ ಚಂದಾ ಕೊಡುವಂತೆ ಯಾರ ಮೇಲೂ ಒತ್ತಡ ಹೇರುವಂತಿಲ್ಲ. ಮೇಲಿನ ದರ್ಜೆಯ ಅಧಿಕಾರಿಯ ಬೀಳ್ಕೊಡುಗೆಗೆ ಮೂರನೇ, ನಾಲ್ಕನೇ ದರ್ಜೆಯ ನೌಕರರಿಂದ ಹಣ ಎತ್ತುವುದನ್ನು ಅದು ನಿಷೇಧಿಸುತ್ತದೆ. ರಾಜ್ಯ ನೌಕರರು ತಮ್ಮ 2021ರ ನಡತೆ ನಿಯಮಗಳನ್ನು ತೆಗೆದು ನೋಡಬೇಕು. ನಿಯಮ ಹೇಗೇ ಇರಲಿ, ಕೆಳಗಿನ ಸಂಬಳದವರಿಗೆ ಹೊರೆಯಾಗುವಷ್ಟು ದುಬಾರಿ ಹಾಲ್ ಹಿಡಿದು ಆಮೇಲೆ ತಲೆಗಿಷ್ಟು ಎಂದು ಹಂಚುವುದು ಸರಿಯಲ್ಲ. ಕೈಯಲ್ಲಿರುವ ಹಣ ಮೊದಲು ಗೊತ್ತಾಗಲಿ, ಹಾಲ್ ಆಮೇಲೆ.

ಮೂರನೆಯದು ಅರುವತ್ತರ ಶಾಂತಿ. ರಾಜ್ಯ ಮತ್ತು ಕೇಂದ್ರ ನೌಕರರಲ್ಲಿ ಹೆಚ್ಚಿನವರಿಗೆ ವಯೋನಿವೃತ್ತಿ 60ಕ್ಕೆ. ಷಷ್ಟಿಪೂರ್ತಿಯೂ ಅದೇ ಹೊತ್ತಿಗೆ ಬರುವುದರಿಂದ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಹೋಮ, ಮಧ್ಯಾಹ್ನ ಊಟ, ಸಂಜೆ ಬೀಳ್ಕೊಡುಗೆ ಎಂದು ಒಟ್ಟಿಗೇ ಇಟ್ಟುಕೊಳ್ಳುತ್ತಾರೆ. ಹೋಮ ಇದ್ದರೆ ಹೋಟೆಲಿನ ಏಸಿ ಹಾಲ್ ಹೆಚ್ಚುಕಡಿಮೆ ಆಗುವುದೇ ಇಲ್ಲ. ಹೊಗೆ ಪತ್ತೆ ಮಾಡುವ ಯಂತ್ರ ಕೂಗುತ್ತದೆ, ಕಾರ್ಪೆಟ್ ಮೇಲೆ ಬೆಂಕಿಗೆ ಒಪ್ಪುವುದಿಲ್ಲ. ಹೋಮಕುಂಡಕ್ಕೆ ಬೇರೆ ಜಾಗವಿರುವ ಛತ್ರವನ್ನೇ ನೋಡಬೇಕು.

ಹಂತ 2: ದಿನ ಮತ್ತು ಹೊತ್ತು ಗೊತ್ತುಮಾಡಿ

ಸರ್ಕಾರಿ ನೌಕರರು ನಿವೃತ್ತರಾಗುವುದು ತಿಂಗಳ ಕೊನೆಯ ದಿನ. ತಿಂಗಳ ಒಂದನೇ ತಾರೀಕು ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹಿಂದೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಿನ ಮೇಲೆ ಜನ್ಮದಿನ ಬರೆದುಕೊಳ್ಳುತ್ತಿದ್ದ ಕಾರಣ ಮೇ, ಜೂನ್ ಕೊನೆಗೆ ನಿವೃತ್ತರಾಗುವವರು ಬಹಳ. ಆ ದಿನಗಳಲ್ಲಿ ಒಂದೇ ಹಾಲ್‌ಗೆ ಹಲವು ಇಲಾಖೆಯವರು ಮುಗಿಬೀಳುತ್ತಾರೆ.

ಕೊನೆಯ ದಿನವೇ ಹೊರಗೆ ಹಾಲ್ ಹಿಡಿಯಬೇಡಿ. ಆ ದಿನ ಪ್ರಭಾರ ವಹಿಸಿಕೊಡಬೇಕು, ಕಡತಗಳಿಗೆ ಸಹಿ ಹಾಕಬೇಕು, ಸಂಜೆ ಸಹೋದ್ಯೋಗಿಗಳು ಮನೆಯವರೆಗೆ ಬಿಟ್ಟು ಬರುವ ವಾಡಿಕೆಯೂ ಇದೆ. ಅಷ್ಟರ ನಡುವೆ ನಾಲ್ಕಕ್ಕೆ ಹೊರಟು ಬನ್ನಿ ಎಂದರೆ ನಿವೃತ್ತರೇ ತಡವಾಗಿ ಬರುತ್ತಾರೆ. ಕಚೇರಿಯಲ್ಲಿ ಆ ದಿನ ಚಿಕ್ಕದಾಗಿ ಹಾರ, ಕಾಫಿ ಇರಲಿ. ದೊಡ್ಡ ಸಮಾರಂಭ ಅದಕ್ಕೆ ಹಿಂದಿನ ಅಥವಾ ಮುಂದಿನ ಶನಿವಾರ, ಭಾನುವಾರಕ್ಕೆ ಹೋಗಲಿ. ರಾಜ್ಯ ಕಚೇರಿಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಎಂಬುದು ನೆನಪಿರಲಿ.

ಪಂಚಾಂಗವನ್ನೂ ತೆರೆಯಿರಿ, ನಿಮಗೆ ಮುಹೂರ್ತ ಬೇಕು ಎಂದಲ್ಲ, ಬೇರೆಯವರಿಗೆ ಬೇಕು ಎಂದು. ಮದುವೆಯ ಮುಹೂರ್ತ ಇರುವ ದಿನ ಕಲ್ಯಾಣ ಮಂಟಪ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಇಳಿಯುವುದಿಲ್ಲ. ಆಷಾಢ, ಧನುರ್ಮಾಸ, ಅಧಿಕ ಮಾಸಗಳಲ್ಲಿ ಅದೇ ಮಂಟಪಗಳು ಖಾಲಿ ಇರುತ್ತವೆ, ಚೌಕಾಸಿಗೂ ಒಪ್ಪುತ್ತಾರೆ. ಉದಾಹರಣೆಗೆ 2026ನೇ ಇಸವಿಯನ್ನು ತೆಗೆದುಕೊಳ್ಳಿ. ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಹಾಗಾಗಿ ಸಾಮಾನ್ಯವಾಗಿ ಕಷ್ಟವಾದ ಮೇ ಕೊನೆಯ ವಾರ ಆ ವರ್ಷ ಸುಲಭ. ಜೂನ್ 30 ನಿಜ ಜ್ಯೇಷ್ಠಕ್ಕೆ ಬೀಳುವುದರಿಂದ ಅಲ್ಲಿ ಪೈಪೋಟಿ. ಜುಲೈ 31 ಆಷಾಢದೊಳಗೆ ಬರುತ್ತದೆ, ಮತ್ತೆ ಸುಲಭ.

ಹೊತ್ತಿನ ಬಗ್ಗೆ ನಮ್ಮ ಸಲಹೆ ಒಂದೇ: ಬೆಳಗ್ಗೆ ಹತ್ತೂವರೆಗೆ ಶುರುವಾಗಿ ಮಧ್ಯಾಹ್ನದ ಊಟಕ್ಕೆ ಮುಗಿಯಲಿ. ವಾರದ ದಿನ ಸಂಜೆ ಐದೂವರೆಯಿಂದ ಎಂಟೂವರೆಯವರೆಗೆ ಸಿಲ್ಕ್ ಬೋರ್ಡ್, ಹೆಬ್ಬಾಳ, ಟಿನ್ ಫ್ಯಾಕ್ಟರಿ ದಾಟುವುದು ಎಂಥವರಿಗೂ ಸಾಕುಸಾಕು. ಆರಕ್ಕೆ ಎಂದು ಕರೆದರೆ ಸಭೆ ತುಂಬುವುದು ಏಳೂಕಾಲಿಗೆ. ಅಷ್ಟರಲ್ಲಿ ಬೇಗ ಬಂದ ಹಿರಿಯರು ಒಂದು ಗಂಟೆ ಕಾದು ಸುಸ್ತಾಗಿರುತ್ತಾರೆ, ಅರ್ಧ ಸಭೆಗೇ ಎದ್ದು ಹೊರಡುತ್ತಾರೆ. ಸಂಜೆಯೇ ಮಾಡಬೇಕಾದರೆ ನಾಲ್ಕಕ್ಕೆ ತಿಂಡಿ ಕಾಫಿ, ನಾಲ್ಕೂವರೆಗೆ ಸಭೆ, ಆರೂವರೆಗೆ ಊಟ ಎಂದು ಇಟ್ಟುಕೊಳ್ಳಿ.

ಹಾಲ್ ಎಷ್ಟು ಗಂಟೆ ಬೇಕು ಎಂಬುದನ್ನು ಈಗಲೇ ಲೆಕ್ಕ ಹಾಕಿ. ವೇದಿಕೆ, ಮೈಕ್ ಸಿದ್ಧತೆಗೆ ಒಂದೂವರೆ ಗಂಟೆ, ಸಭೆಗೆ ಒಂದೂಮುಕ್ಕಾಲು, ಊಟ ಮತ್ತು ಫೋಟೊಗೆ ಒಂದೂವರೆ, ತೆರವಿಗೆ ಮುಕ್ಕಾಲು. ಒಟ್ಟು ಐದೂವರೆ ಗಂಟೆ. ನಾಲ್ಕು ಗಂಟೆಯ ಅವಧಿಗೆ ಕೊಡುವ ಹಾಲ್‌ನಲ್ಲಿ ಮೊದಲು ಬಲಿಯಾಗುವುದು ನಿವೃತ್ತರ ಮಾತು, ಏಕೆಂದರೆ ಅದು ಕೊನೆಗೆ ಬರುತ್ತದೆ.

ಹಂತ 3: ತಲೆ ಎಣಿಸಿ, ಚದರಡಿ ಎಣಿಸಿ

ಕರೆದವರೆಲ್ಲ ಬರುವುದಿಲ್ಲ, ಆದರೆ ಎಲ್ಲ ಗುಂಪಿಗೂ ಒಂದೇ ಅಂದಾಜು ಹಾಕಬಾರದು. ಹತ್ತಿರದ ನೆಂಟರು ಹೆಚ್ಚುಕಡಿಮೆ ಪೂರ್ತಿ ಬರುತ್ತಾರೆ. ಈಗಿನ ಸಹೋದ್ಯೋಗಿಗಳು ರಜಾ ದಿನ ಕಡಿಮೆ, ಕೆಲಸದ ದಿನ ಹೆಚ್ಚು. ಹಿಂದೆಯೇ ನಿವೃತ್ತರಾದವರು ಬೆಳಗಿನ ಸಮಾರಂಭಕ್ಕೆ ಉತ್ಸಾಹದಿಂದ ಬರುತ್ತಾರೆ, ರಾತ್ರಿಯದಕ್ಕೆ ಹಿಂಜರಿಯುತ್ತಾರೆ. ಮೂರು ಗುಂಪನ್ನೂ ಬೇರೆ ಬೇರೆ ಪಟ್ಟಿ ಮಾಡಿ, ಪ್ರತಿ ಗುಂಪಿನ ಒಬ್ಬರಿಗೆ ಫೋನ್ ಮಾಡಿ ಖಚಿತಪಡಿಸುವ ಹೊಣೆ ಕೊಡಿ. ವಾಟ್ಸಾಪ್ ಗುಂಪಿನಲ್ಲಿ ಬರುವ ಕೈಮುಗಿದ ಚಿತ್ರವನ್ನು ಬರುತ್ತೇನೆ ಎಂದು ಎಣಿಸಬೇಡಿ.

ಹಾಲ್‌ನವರು 'ಇನ್ನೂರು ಜನ ಹಿಡಿಸುತ್ತೆ' ಎಂದರೆ ಅದು ಕುರ್ಚಿಗೆ ಕುರ್ಚಿ ತಾಗಿಸಿ ಹಾಕಿದ ಲೆಕ್ಕ. ನೀವೇ ಅಳೆಯಿರಿ. ಟೇಪು ಬೇಡ, ನೆಲದ ಟೈಲ್ಸ್ ಸಾಕು. ಒಂದು ಟೈಲ್ ಎರಡಡಿ ಇದ್ದರೆ ಉದ್ದಕ್ಕೂ ಅಗಲಕ್ಕೂ ಎಣಿಸಿದರಾಯಿತು. ಸಾಲು ಕುರ್ಚಿಗೆ, ನಡುವಿನ ದಾರಿ ಸೇರಿ, ತಲೆಗೆ 10 ಚದರಡಿ. ಸುತ್ತ ಕುರ್ಚಿ ಹಾಕುವ ದುಂಡು ಮೇಜಿಗೆ ತಲೆಗೆ 15. ಒಂದು ಹಾಲ್ 40 ಅಡಿ ಅಗಲ, 50 ಅಡಿ ಉದ್ದ ಇದೆ ಎನ್ನಿ. ವೇದಿಕೆಗೆ 12 ಅಡಿ, ಅದರ ಮುಂದೆ ಹಾರ, ಶಾಲು, ಫೋಟೊದವರ ಓಡಾಟಕ್ಕೆ 6 ಅಡಿ ಬಿಟ್ಟರೆ ಕೂರುವ ಜಾಗ ಉಳಿಯುವುದು 32 ಅಡಿ ಉದ್ದ, ಅಂದರೆ 1,280 ಚದರಡಿ. ಅಲ್ಲಿ ಸಾಲು ಕುರ್ಚಿಯಾದರೆ 128 ಜನ, ದುಂಡು ಮೇಜಾದರೆ 85. ಅದೇ ಹಾಲ್‌ನ ಹಿಂಭಾಗದಲ್ಲಿ ಬಫೆ ಮೇಜು ಇಡುತ್ತೇವೆ ಎಂದರೆ ಇನ್ನೂ ಮೂವತ್ತು ಜನ ಕಳೆಯಿರಿ.

ಅತಿ ದೊಡ್ಡ ಹಾಲ್ ಕೂಡ ತಪ್ಪು ಆಯ್ಕೆಯೇ. ಆರುನೂರು ಸೀಟಿನ ಸಭಾಂಗಣದಲ್ಲಿ ನೂರಿಪ್ಪತ್ತು ಜನ ಚದುರಿ ಕೂತರೆ ಬಂದವರೇ ಇಲ್ಲ ಎಂಬಂತೆ ಕಾಣುತ್ತದೆ. ಎದುರಿಗೆ ಖಾಲಿ ಸಾಲುಗಳನ್ನು ನೋಡುತ್ತಾ ಮಾತಾಡುವುದು ನಿವೃತ್ತರಿಗೆ ನೋವಿನ ಸಂಗತಿ.

ಹಂತ 4: ನಗರದ ಯಾವ ಭಾಗ?

ಮೊದಲ ಹಂತದಲ್ಲಿ ಬರೆದ ಬರಲೇಬೇಕಾದವರ ಮನೆಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ. ಒಂದೇ ಕಡೆ ಗುಂಪಾಗಿದ್ದರೆ ಅಲ್ಲೇ ಹುಡುಕಿ. ಎಲ್ಲ ದಿಕ್ಕಿಗೂ ಹಂಚಿಹೋಗಿದ್ದರೆ, ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಹಾಗೇ ಇರುತ್ತದೆ, ಮೆಟ್ರೊ ನಿಲ್ದಾಣದಿಂದ ಆಟೊಗೆ ಐದು ನಿಮಿಷದೊಳಗಿನ ಜಾಗಕ್ಕೆ ಆದ್ಯತೆ ಕೊಡಿ. ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗಿನ ಹಸಿರು ಮಾರ್ಗ, ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗಿನ ನೇರಳೆ ಮಾರ್ಗ ಮೆಜೆಸ್ಟಿಕ್‌ನಲ್ಲಿ ಕೂಡುತ್ತವೆ. ಹಳದಿ ಮಾರ್ಗದಲ್ಲಿ ಬೊಮ್ಮಸಂದ್ರದ ಕಡೆಯಿಂದ ಬರುವವರು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಬಹುದು. ಹಾಗಾಗಿ ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ಆರ್.ವಿ. ರಸ್ತೆಯವರೆಗಿನ ಪಟ್ಟಿ, ಎಂದರೆ ಚಾಮರಾಜಪೇಟೆ, ವಿ.ವಿ. ಪುರ, ಬಸವನಗುಡಿ, ಜಯನಗರದ ಸುತ್ತಮುತ್ತ, ಎಲ್ಲರಿಗೂ ನ್ಯಾಯವಾದ ಜಾಗ. ಸರ್ಕಾರಿ ಕಚೇರಿಗಳ ಸುತ್ತ ಬೇಕೆಂದರೆ ನೇರಳೆ ಮಾರ್ಗದ ವಿಧಾನಸೌಧ, ಸೆಂಟ್ರಲ್ ಕಾಲೇಜು ನಿಲ್ದಾಣಗಳ ಆಸುಪಾಸು ನೋಡಬಹುದು.

ದೇವನಹಳ್ಳಿ, ನೆಲಮಂಗಲ, ಕನಕಪುರ ರಸ್ತೆಯ ರೆಸಾರ್ಟ್‌ಗಳು ಚಿತ್ರದಲ್ಲಿ ಸೊಗಸು. ಅಲ್ಲಿಗೆ ಹೋಗುವುದಾದರೆ ಬಸ್ಸಿನ ವ್ಯವಸ್ಥೆ ನಿಮ್ಮದೇ, ಖರ್ಚೂ ನಿಮ್ಮದೇ. ಸಭೆಯ ನಡುವೆ ಹೊರಡಬೇಕಾದವರಿಗೆ ಅಲ್ಲಿ ಕ್ಯಾಬ್ ಸಿಗುವುದು ಕಷ್ಟ. ಐವತ್ತು ಜನ, ಎಲ್ಲರೂ ಒಂದೇ ಕಚೇರಿಯವರು, ಇಡೀ ದಿನ ಅಲ್ಲೇ ಇರುತ್ತಾರೆ ಎಂದಾದರೆ ಮಾತ್ರ ಯೋಚಿಸಿ.

ಪಾರ್ಕಿಂಗ್‌ಗೆ ಸರಳ ಲೆಕ್ಕ: ಮೂರು ಅತಿಥಿಗಳಿಗೆ ಒಂದು ಕಾರು. 120 ಜನರಿಗೆ 40 ಕಾರು. ಹಾಲ್‌ನಲ್ಲಿ ಹದಿನೈದಕ್ಕೆ ಮಾತ್ರ ಜಾಗ ಇದ್ದರೆ ಉಳಿದವರಿಗೆ ಹತ್ತಿರದ ಹಣ ಕೊಟ್ಟು ನಿಲ್ಲಿಸುವ ಜಾಗ ಯಾವುದು ಎಂದು ಆಹ್ವಾನದಲ್ಲೇ ಬರೆಯಿರಿ. ಗಾಂಧಿ ಬಜಾರ್, ಮಲ್ಲೇಶ್ವರದ ಅಡ್ಡರಸ್ತೆಗಳಲ್ಲಿ ಸಂಜೆ ಜಾಗ ಸಿಗುತ್ತದೆ ಎಂದು ನಂಬಬೇಡಿ.

ಹಂತ 5: ಯಾವ ಬಗೆಯ ಜಾಗ?

*ಸಾಂಸ್ಕೃತಿಕ ಸಂಸ್ಥೆಗಳ ಸಭಾಂಗಣ.* ಮಾತಿಗೆ ಪ್ರಾಶಸ್ತ್ಯವಿರುವ ಸಮಾರಂಭಕ್ಕೆ ನಮ್ಮ ಮೊದಲ ಆಯ್ಕೆ ಇದು. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತು, ಬಿ.ಪಿ. ವಾಡಿಯಾ ರಸ್ತೆಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್, ಜೆ.ಸಿ. ರಸ್ತೆಯ ಕನ್ನಡ ಭವನದೊಳಗಿನ ನಯನ, ಕುಮಾರಕೃಪಾ ರಸ್ತೆಯ ಗಾಂಧಿ ಭವನ, ಅಂಬೇಡ್ಕರ್ ವೀಧಿಯ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಇಂಥ ಕಡೆ ಭಾಷಣ, ಸಂಗೀತಕ್ಕೆಂದೇ ಕಟ್ಟಿದ ಸಭಾಂಗಣಗಳಿವೆ. ಖಾಸಗಿ ಸಮಾರಂಭಕ್ಕೆ ಕೊಡುತ್ತಾರೆಯೇ ಎಂಬುದು ಆಯಾ ಸಂಸ್ಥೆಯ ಆಗಿನ ನಿಯಮಕ್ಕೆ ಬಿಟ್ಟದ್ದು. ಪತ್ರದ ಮೂಲಕ ಕೇಳಿ, ಕಚೇರಿಯ ಅಥವಾ ನೌಕರರ ಸಂಘದ ಹೆಸರಿನಲ್ಲಿ ಕೇಳಿದರೆ ಉತ್ತರ ಬೇಗ ಬರುತ್ತದೆ. ಕೊರತೆ ಎಂದರೆ ಊಟದ ಮನೆ. ಕೆಲವೆಡೆ ಇಲ್ಲ, ಕೆಲವೆಡೆ ಸಭಾಂಗಣದೊಳಗೆ ತಿನಿಸು ಒಯ್ಯುವಂತಿಲ್ಲ. ಸಭೆ ಅಲ್ಲಿ, ಊಟ ನೂರು ಹೆಜ್ಜೆ ದೂರದ ಹೋಟೆಲಿನಲ್ಲಿ ಎಂಬ ಏರ್ಪಾಡು ನಡೆಯುತ್ತದೆ. ಅರ್ಧ ಕಿಲೋಮೀಟರ್ ದೂರವಾದರೆ ನಡೆಯುವುದಿಲ್ಲ, ದಾರಿಯಲ್ಲೇ ಮೂರನೇ ಒಂದು ಭಾಗ ಜನ ಮನೆಗೆ ಹೊರಟುಬಿಡುತ್ತಾರೆ.

*ಕಲ್ಯಾಣ ಮಂಟಪ, ಛತ್ರ.* ಊಟಕ್ಕೆ ಇದನ್ನು ಮೀರಿಸುವ ಜಾಗವಿಲ್ಲ. ಅಡುಗೆಮನೆ, ಊಟದ ಹಾಲ್, ನೀರು, ಪಾತ್ರೆ ಎಲ್ಲ ಇರುತ್ತದೆ. ತೊಡಕು ಸಭೆಯದ್ದು. ಅಮೃತಶಿಲೆಯ ನೆಲ, ಎತ್ತರದ ಚಾವಣಿ, ಬರಿಯ ಗೋಡೆ ಸೇರಿ ಮಾತು ಪ್ರತಿಧ್ವನಿಸಿ ಕಲಸಿಹೋಗುತ್ತದೆ. ಊಟದ ಹಾಲ್ ಹೆಚ್ಚಾಗಿ ನೆಲಮಾಳಿಗೆಯಲ್ಲೋ ಮೇಲಿನ ಮಹಡಿಯಲ್ಲೋ ಇರುತ್ತದೆ, ಲಿಫ್ಟ್ ಇಲ್ಲದಿದ್ದರೆ ಮಂಡಿನೋವಿನವರು ಊಟವನ್ನೇ ಬಿಡುತ್ತಾರೆ. ಬಾಡಿಗೆ ಸಾಮಾನ್ಯವಾಗಿ ಇಡೀ ದಿನದ್ದು. ಅರ್ಧ ದಿನಕ್ಕೆ ಕೊಡುತ್ತಾರೆಯೇ, ಅಥವಾ ಅದೇ ಆವರಣದ ಚಿಕ್ಕ 'ಮಿನಿ ಹಾಲ್' ಇದೆಯೇ ಕೇಳಿ. ಮಿನಿ ಹಾಲ್ ಸಿಕ್ಕಿದರೆ ಮೇಲಿನ ದೊಡ್ಡ ಹಾಲ್‌ನಲ್ಲಿ ಆ ದಿನ ಏನಿದೆ ಎಂದೂ ಕೇಳಿ, ವಾಲಗ ಶುರುವಾದರೆ ಭಾಷಣ ಮುಗಿದ ಹಾಗೆ.

*ಸಸ್ಯಾಹಾರಿ ಹೋಟೆಲುಗಳ ಪಾರ್ಟಿ ಹಾಲ್.* ನಲವತ್ತರಿಂದ ನೂರು ಜನರಿಗೆ ಅತಿ ಕಡಿಮೆ ತಲೆನೋವಿನ ದಾರಿ. ಬಾಡಿಗೆ ಇಲ್ಲ, ಊಟದ ದರದಲ್ಲೇ ಹಾಲ್ ಸೇರಿರುತ್ತದೆ. ಚಾವಣಿ ತಗ್ಗಾಗಿರುವುದರಿಂದ ಪ್ರತಿಧ್ವನಿಯೂ ಕಡಿಮೆ. ಆದರೆ ವೇದಿಕೆ ಹೆಸರಿಗಷ್ಟೇ, ಸಮಯ ಮೂರು ಗಂಟೆ ಮಾತ್ರ, ಪಕ್ಕದ ಹಾಲ್‌ನ ನಡುವೆ ಮಡಿಸುವ ಪ್ಲೈವುಡ್ ಗೋಡೆ. ಪಕ್ಕದಲ್ಲಿ ಮಗುವಿನ ಹುಟ್ಟುಹಬ್ಬ ಇದ್ದರೆ ನಿಮ್ಮ ಸಭೆ ಕೆಡುತ್ತದೆ.

*ಕ್ಲಬ್.* 1917ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟುಹಾಕಿದ ಸೆಂಚುರಿ ಕ್ಲಬ್ ಮೊದಲುಗೊಂಡು ಬಸವನಗುಡಿ, ಜಯನಗರ, ಮಲ್ಲೇಶ್ವರದ ಕ್ಲಬ್‌ಗಳವರೆಗೆ ಹಾಲ್ ಸಿಗಬೇಕಾದರೆ ಸದಸ್ಯರೊಬ್ಬರು ಬೇಕು, ಬಿಲ್ಲಿಗೂ ಅವರೇ ಹೊಣೆ. ನಿವೃತ್ತರೇ ಸದಸ್ಯರಾಗಿದ್ದರೆ ಅವರಿಗೆ ಅಭಿಮಾನದ ಜಾಗ. ಕೆಲವು ಹಳೆಯ ಕ್ಲಬ್‌ಗಳಲ್ಲಿ ಉಡುಪಿನ ಕಟ್ಟುನಿಟ್ಟಿದೆ. ಊರಿನಿಂದ ಪಂಚೆ ಉಟ್ಟು ಚಪ್ಪಲಿ ಮೆಟ್ಟಿ ಬರುವ ನೆಂಟರನ್ನು ಬಾಗಿಲಲ್ಲಿ ತಡೆಯುವಂಥ ಜಾಗ ನಿಮ್ಮ ಸಮಾರಂಭಕ್ಕೆ ಬೇಡ.

ತಾರಾ ಹೋಟೆಲಿನಲ್ಲಿ ಧ್ವನಿ, ಲಿಫ್ಟ್, ಶೌಚಾಲಯ ಎಲ್ಲ ಸರಿ ಇರುತ್ತವೆ, ಹಣ ಮಾತ್ರ ಮೂರು ಪಟ್ಟು. ಅಪಾರ್ಟ್‌ಮೆಂಟಿನ ಕ್ಲಬ್‌ಹೌಸ್ ಅರುವತ್ತು ಜನರ ಮನೆಮಟ್ಟದ ಸಮಾರಂಭಕ್ಕೆ ಬಹಳ ಒಳ್ಳೆಯದು. ಗೇಟಿನಲ್ಲಿ ಅತಿಥಿಗಳ ಪಟ್ಟಿ ಕೊಟ್ಟಿರಿ, ಇಲ್ಲದಿದ್ದರೆ ಪ್ರತಿಯೊಬ್ಬರಿಗೂ ಸೆಕ್ಯುರಿಟಿಯಿಂದ ಫೋನ್ ಬರುತ್ತಿರುತ್ತದೆ. ತೆರೆದ ಹುಲ್ಲುಹಾಸು ಮೇ ಸಂಜೆಗೂ, ಸೆಪ್ಟೆಂಬರ್ ಅಕ್ಟೋಬರ್‌ಗೂ ಬೇಡ, ಮಳೆ ಬರುವ ಹೊತ್ತೇ ಅದು.

ಹಂತ 6: ಹೋಗಿ ನೋಡಿ, ಅದೇ ವಾರದ ದಿನ, ಅದೇ ಹೊತ್ತಿಗೆ

ಮೂರು ಜಾಗ ಆರಿಸಿಕೊಂಡು ಇಬ್ಬರು ಹೋಗಿ. ಸಮಾರಂಭ ಶನಿವಾರ ಬೆಳಗ್ಗೆ ಎಂದಾದರೆ ಶನಿವಾರ ಬೆಳಗ್ಗೆಯೇ ಹೋಗಿ. ಆಗಲೇ ರಸ್ತೆಯ ಗದ್ದಲ, ಪಕ್ಕದ ಶಾಲೆ, ಕಿಟಕಿಯಿಂದ ಪರದೆಯ ಮೇಲೆ ಬೀಳುವ ಬಿಸಿಲು ತಿಳಿಯುವುದು.

ಮೊದಲು ಧ್ವನಿ. ಹಾಲ್ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಸದ್ದು ಟಪ್ ಎಂದು ನಿಂತರೆ ಒಳ್ಳೆಯದು, ಝಣ್ ಎಂದು ಎಳೆದರೆ ತೊಂದರೆ. ಖಾಲಿ ಹಾಲ್ ಜನ ತುಂಬಿದ ಮೇಲೆ ಸ್ವಲ್ಪ ಸುಧಾರಿಸುತ್ತದೆ, ಪರದೆ, ಕಾರ್ಪೆಟ್ ಇದ್ದರೆ ಇನ್ನಷ್ಟು. ಆಮೇಲೆ ಅವರದೇ ಮೈಕ್ ಹಾಕಿಸಿ. ಒಬ್ಬರು ವೇದಿಕೆಯಿಂದ ಸಾಮಾನ್ಯ ದನಿಯಲ್ಲಿ ಹತ್ತು ಊರಿನ ಹೆಸರು, ಹತ್ತು ಇಸವಿ ಓದಲಿ, ಇನ್ನೊಬ್ಬರು ಕೊನೆಯ ಸಾಲಿನ ಮೂಲೆಯಲ್ಲಿ ಕೂತು ಬರೆದುಕೊಳ್ಳಲಿ. ವಾಕ್ಯವಾದರೆ ಮನಸ್ಸು ಊಹಿಸಿಕೊಂಡುಬಿಡುತ್ತದೆ, ಹೆಸರು ಇಸವಿಗಳಲ್ಲಿ ಊಹೆ ನಡೆಯುವುದಿಲ್ಲ. ಎರಡಕ್ಕಿಂತ ಹೆಚ್ಚು ತಪ್ಪಾದರೆ ಆ ವ್ಯವಸ್ಥೆ ಸಾಲದು, ಹೊರಗಿನ ಸೌಂಡ್‌ನವರನ್ನು ತರಲು ಬಿಡುತ್ತಾರೆಯೇ ಕೇಳಿ. ಮೈಕ್ ಕೀಚಲು ಕೂಗಿದರೆ ಹೆಚ್ಚಾಗಿ ಸ್ಪೀಕರ್ ಮೈಕಿನ ಹಿಂದಿರುತ್ತದೆ. ಸ್ಪೀಕರ್ ಯಾವಾಗಲೂ ಮಾತಾಡುವವರಿಗಿಂತ ಮುಂದೆ, ಸಭೆಯ ಕಡೆ ಮುಖಮಾಡಿ ಇರಬೇಕು. ಪೋಡಿಯಮ್‌ಗೆ ಒಂದು, ಕೈಯಲ್ಲಿ ಹಿಡಿಯುವ ತಂತಿರಹಿತ ಮೈಕ್ ಎರಡು ಇರಲಿ. ಸೌಂಡ್‌ನ ಹುಡುಗ ಸಮಾರಂಭ ಮುಗಿಯುವವರೆಗೂ ಇರುತ್ತಾನೆ ಎಂಬುದನ್ನು ಮಾತಿನಲ್ಲೇ ಒಪ್ಪಿಸಿ, ಮೈಕ್ ಹಾಕಿಕೊಟ್ಟು ಊಟಕ್ಕೆ ಹೋಗುವುದೇ ಹೆಚ್ಚಿನ ಕಡೆಯ ಗೋಳು.

ಆಮೇಲೆ ಮೆಟ್ಟಿಲು. ಕಾರು ನಿಲ್ಲುವಲ್ಲಿಂದ ಕುರ್ಚಿಯವರೆಗೆ, ಕುರ್ಚಿಯಿಂದ ಊಟದ ಮೇಜಿನವರೆಗೆ, ಅಲ್ಲಿಂದ ಶೌಚಾಲಯದವರೆಗೆ ಎಷ್ಟು ಮೆಟ್ಟಿಲು ಎಂದು ಎಣಿಸಿ ಬರೆಯಿರಿ. ಗಾಲಿಕುರ್ಚಿಯ ಇಳಿಜಾರು ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕು, ಅದಕ್ಕಿಂತ ಕಡಿದಾದರೆ ತಳ್ಳುವವರಿಗೂ ಅಪಾಯ. ಈ ಲೆಕ್ಕದಲ್ಲಿ ಮೂರಡಿ ವೇದಿಕೆಗೆ 36 ಅಡಿ ಇಳಿಜಾರು ಬೇಕು, ಅದು ಯಾವ ಹಾಲ್‌ನಲ್ಲೂ ಸುಲಭಕ್ಕೆ ಸಿಗದು. ಆದ್ದರಿಂದ ಒಂದೂವರೆ ಅಡಿ ಮೀರದ ವೇದಿಕೆ, ಪಕ್ಕದಲ್ಲಿ ಹಿಡಿದುಕೊಳ್ಳಲು ಕಂಬಿ ಇರುವಂತೆ ನೋಡಿ. ಎತ್ತರದ ವೇದಿಕೆಯೇ ಇದ್ದರೆ ಅದನ್ನು ಹಿನ್ನೆಲೆಗೆ ಬಿಟ್ಟು ಸನ್ಮಾನವನ್ನು ಕೆಳಗೇ ಮಾಡಿ. ವೇದಿಕೆಗೆ ತಗ್ಗಿನ ಮೆತ್ತನೆಯ ಸೋಫಾ ಬೇಡ, ಕೂತ ಹಿರಿಯರಿಗೆ ಏಳಲು ಆಗುವುದಿಲ್ಲ. ಕೈಯಿರುವ ಗಟ್ಟಿ ಕುರ್ಚಿ ಕೇಳಿ ಪಡೆಯಿರಿ.

ಶೌಚಾಲಯವನ್ನು ಒಳಗೆ ಹೋಗಿ ನೋಡಿ. ಅದೇ ಮಹಡಿಯಲ್ಲಿ ಇದೆಯೇ, ಗಂಡಸರಿಗೂ ಹೆಂಗಸರಿಗೂ ಕನಿಷ್ಠ ಒಂದೊಂದು ಕಮೋಡ್ ಇದೆಯೇ, ನೆಲ ಜಾರುತ್ತದೆಯೇ, ದೀಪ ಉರಿಯುತ್ತದೆಯೇ. ಮಂಡಿ ಬಗ್ಗದವರಿಗೆ ಇದು ಬರುವುದೋ ಬೇಡವೋ ಎಂದು ತೀರ್ಮಾನಿಸುವ ವಿಷಯ.

ಉಳಿದವನ್ನು ಬೇಗ ನೋಡಿ ಮುಗಿಸಬಹುದು:

- ಜನರೇಟರ್ ಇದೆಯೇ, ಅದರ ಮೇಲೆ ದೀಪ ಮೈಕ್ ಮಾತ್ರವೋ, ಲಿಫ್ಟ್ ಮತ್ತು ಏಸಿಯೂ ನಡೆಯುತ್ತವೆಯೋ.
- ನೆಲಮಾಳಿಗೆಯ ಹಾಲ್ ಆದರೆ ಮೊಬೈಲ್ ಸಿಗ್ನಲ್. ಇಲ್ಲದಿದ್ದರೆ ಕ್ಯಾಬ್ ಕರೆಯಲೂ ಆಗದು, ಯುಪಿಐ ಪಾವತಿಯೂ ಆಗದು.
- ಹಳೆಯ ಫೋಟೊ ತೋರಿಸುವ ಯೋಚನೆ ಇದ್ದರೆ ಕಿಟಕಿಗೆ ದಪ್ಪ ಪರದೆ. ಬೆಳಕು ಬೀಳುವ ಹಾಲ್‌ನಲ್ಲಿ ಪ್ರೊಜೆಕ್ಟರ್ ಚಿತ್ರ ಮಸುಕಾಗುತ್ತದೆ, ಎಲ್‌ಇಡಿ ಪರದೆ ಬೇಕಾಗುತ್ತದೆ.
- ಹೊರಹೋಗುವ ಬಾಗಿಲು ಎರಡು. ಹಿಂಬಾಗಿಲಿಗೆ ಬೀಗ ಹಾಕಿ ಅಡ್ಡಲಾಗಿ ಕುರ್ಚಿ ಪೇರಿಸಿದ್ದರೆ ತೆಗೆಸುವ ಮಾತು ಕೊಡುವವರೆಗೆ ಮುಂಗಡ ಕೊಡಬೇಡಿ.

ಹಂತ 7: ಊಟವನ್ನು ಜಾಗದ ಜೊತೆಗೇ ತೂಗಿ

ಬಾಳೆಲೆ ಊಟಕ್ಕೆ ಒಬ್ಬರಿಗೆ ಎರಡಡಿ ಮೇಜು ಬೇಕು. ಮೂವತ್ತು ಅಡಿಯ ಐದು ಸಾಲಿದ್ದರೆ ಒಂದು ಪಂಕ್ತಿಗೆ 75 ಜನ. ಪಂಕ್ತಿಗೆ ಎಲೆ ಎತ್ತಿ ಒರೆಸುವುದೂ ಸೇರಿ 40ರಿಂದ 45 ನಿಮಿಷ. 150 ಜನರಾದರೆ ಎರಡು ಪಂಕ್ತಿ, ಒಂದೂವರೆ ಗಂಟೆ. ಮೂರನೇ ಪಂಕ್ತಿ ಬೀಳುವಂಥ ಜಾಗ ಬೇಡ, ಆ ಹೊತ್ತಿಗೆ ಬಡಿಸುವವರೂ ದಣಿದಿರುತ್ತಾರೆ, ಪಲ್ಯವೂ ಮುಗಿದಿರುತ್ತದೆ. ಬಫೆಯಾದರೆ ಎರಡೂ ಕಡೆಯಿಂದ ಬಡಿಸಿಕೊಳ್ಳುವ ಸಾಲು ನೂರು ಜನಕ್ಕೊಂದು. ತಟ್ಟೆ ಹಿಡಿದು ನಿಲ್ಲಲಾಗದವರಿಗೆಂದು ಇಪ್ಪತ್ತು ಮೂವತ್ತು ಕುರ್ಚಿ ಮೇಜು ಹಾಕಿಸಿ, ಅಲ್ಲಿಗೇ ತಂದು ಬಡಿಸಲು ಇಬ್ಬರನ್ನು ನೇಮಿಸಿ.

ಹೊರಗಿನ ಕೇಟರರ್‌ಗೆ ಅವಕಾಶ ಇದೆಯೇ, ಇದ್ದರೆ ಹಾಲ್‌ಗೆ ಅವರು ಪ್ರತ್ಯೇಕ ಹಣ ಕಟ್ಟಬೇಕೇ ಎಂದು ಕೇಳಿ. ಆ ಹಣ ಕೊನೆಗೆ ನಿಮ್ಮ ಬಿಲ್ಲಿಗೇ ಬರುತ್ತದೆ. ಕೇಟರರ್ ಬಳಿ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿ ಇರಲಿ. ಟ್ರಸ್ಟುಗಳ ಎಷ್ಟೋ ಹಾಲ್‌ಗಳಲ್ಲಿ ಮಾಂಸಾಹಾರ ನಿಷಿದ್ಧ. ಅಂಥ ಕಡೆ ಕೇಕ್ ಕೂಡ ಮೊಟ್ಟೆಯಿಲ್ಲದ್ದೇ ಆಗಬೇಕು, ಕೇಕ್ ಬಂದ ಮೇಲೆ ಬಾಗಿಲಲ್ಲಿ ಚರ್ಚೆ ಬೇಡ.

ಹಂತ 8: ಲೆಕ್ಕ ಮತ್ತು ಕರಾರು

ಎರಡು ಜಾಗವನ್ನು ಹೋಲಿಸುವಾಗ ಊಟದ ದರವನ್ನಷ್ಟೇ ನೋಡಬೇಡಿ. ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಮೊದಲನೆಯದು ಬಾಡಿಗೆ ಹಾಲ್: ಬಾಡಿಗೆ ₹25,000, ಅದಕ್ಕೆ ಶೇ 18 ಜಿಎಸ್‌ಟಿ ₹4,500. ಹೊರಗಿನ ಕೇಟರರ್ ಊಟ ₹600ರಂತೆ 100 ಜನಕ್ಕೆ ₹60,000, ಶೇ 5 ಜಿಎಸ್‌ಟಿ ₹3,000. ಒಟ್ಟು ₹92,500. ಎರಡನೆಯದು ಹೋಟೆಲಿನ ಪಾರ್ಟಿ ಹಾಲ್: ಬಾಡಿಗೆ ಇಲ್ಲ, ಊಟ ₹750ರಂತೆ ₹75,000, ಶೇ 5ರ ತೆರಿಗೆ ₹3,750, ಒಟ್ಟು ₹78,750. ಊಟದ ದರ ಹೆಚ್ಚಿದ್ದರೂ ಎರಡನೆಯದೇ ಅಗ್ಗ. ದಿನಕ್ಕೆ ₹7,500ಕ್ಕಿಂತ ಹೆಚ್ಚು ಬಾಡಿಗೆಯ ಕೋಣೆಗಳಿರುವ ಹೋಟೆಲುಗಳಲ್ಲಿ ಊಟದ ಮೇಲೂ ಶೇ 18 ತೆರಿಗೆ. ದರ ಕೇಳುವಾಗಲೇ 'ತೆರಿಗೆ ಸೇರಿ ಎಷ್ಟು?' ಎಂದು ಕೇಳಿ.

ಗ್ಯಾರಂಟಿ ಸಂಖ್ಯೆ ಎಂಬುದು ಎಲ್ಲರೂ ಎಡವುವ ಜಾಗ. 100 ತಟ್ಟೆಗೆ ಗ್ಯಾರಂಟಿ ಕೊಟ್ಟು 82 ಜನ ಬಂದರೂ ₹60,000 ಕೊಡಲೇಬೇಕು, ಆಗ ಒಂದು ಊಟಕ್ಕೆ ಬೀಳುವುದು ₹732. ಆದ್ದರಿಂದ ಅಂದಾಜಿಗಿಂತ ಶೇ 10 ಕಡಿಮೆಗೆ ಗ್ಯಾರಂಟಿ ಕೊಡಿ, ಅದಕ್ಕಿಂತ ಹೆಚ್ಚು ಬಂದವರಿಗೆ ಅದೇ ದರದಲ್ಲಿ ಬಡಿಸುವ ಒಪ್ಪಂದ ಮಾಡಿಕೊಳ್ಳಿ. ಎಷ್ಟು ಹೆಚ್ಚುವರಿ ಜನಕ್ಕೆ ಸಿದ್ಧವಿರುತ್ತಾರೆ ಎಂಬುದೂ ಬರಹದಲ್ಲಿರಲಿ.

ಕರಾರಿನಲ್ಲಿ ಇರಬೇಕಾದವು: ಹಾಲ್‌ನ ಹೆಸರು ಮತ್ತು ಮಹಡಿ, ಒಳಬರುವ ಮತ್ತು ತೆರವಿನ ಗಂಟೆ, ತಡವಾದರೆ ಗಂಟೆಗೆ ಎಷ್ಟು, ಕುರ್ಚಿಗಳ ಸಂಖ್ಯೆ, ವಿದ್ಯುತ್ ಬಾಡಿಗೆಯಲ್ಲಿ ಸೇರಿದೆಯೋ ಮೀಟರ್ ಪ್ರಕಾರವೋ, ಜನರೇಟರ್ ಗಂಟೆಗೆ ಎಷ್ಟು, ಸ್ವಚ್ಛತೆಯ ಶುಲ್ಕ, ಠೇವಣಿ ಎಷ್ಟು ದಿನದಲ್ಲಿ ಮರಳಿಸುತ್ತಾರೆ, ರದ್ದು ಮಾಡಿದರೆ ಎಷ್ಟು ಕಡಿತ. ಮುಂಗಡಕ್ಕೆ ರಸೀದಿ ಇಲ್ಲದ ಜಾಗಕ್ಕೆ ಹಣ ಕೊಡಬೇಡಿ.

ಹಂತ 9: ಅನುಮತಿಗಳು

ಮದ್ಯ ಇರುವುದಾದರೆ, ಪರವಾನಗಿ ಇರುವ ಕ್ಲಬ್ ಅಥವಾ ಹೋಟೆಲನ್ನೇ ಆರಿಸುವುದು ಸುಲಭ. ಬೇರೆ ಹಾಲ್‌ನಲ್ಲಿ ಬಡಿಸಲು ಅಬಕಾರಿ ಇಲಾಖೆಯಿಂದ ಸಿಎಲ್-5 ಎಂಬ ಸಾಂದರ್ಭಿಕ ಪರವಾನಗಿ ಪಡೆಯಬೇಕು, ಹಾಲ್‌ನವರ ಒಪ್ಪಿಗೆಯೂ ಬೇಕು. ಅಕ್ಟೋಬರ್ 2ರಂಥ ದಿನ, ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಮದ್ಯ ನಿಷಿದ್ಧ. ಹಿರಿಯರೂ ಕುಟುಂಬದವರೂ ಸೇರುವ ಸಭೆಯಲ್ಲಿ ಅದನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುವುದೇ ಲೇಸು ಎಂಬುದು ನಮ್ಮ ಅಭಿಪ್ರಾಯ.

ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಫ್ಲೆಕ್ಸ್, ಥರ್ಮೊಕೋಲ್ ತಟ್ಟೆ, ಪ್ಲಾಸ್ಟಿಕ್ ಲೋಟ ಬೇಡ. ಹೆಸರಿನ ಫಲಕಕ್ಕೆ ಬಟ್ಟೆಯ ಬ್ಯಾನರ್ ಮಾಡಿಸಿ.

ಹಂತ 10: ಕೊನೆಯ ವಾರ ಮತ್ತು ಆ ದಿನ

ಒಂದು ವಾರ ಮೊದಲು ಹಾಲ್‌ನ ಮ್ಯಾನೇಜರ್‌ಗೆ ಫೋನ್ ಮಾಡಿ ದಿನ, ಹೊತ್ತು, ಮಹಡಿಯನ್ನು ಮತ್ತೆ ಖಚಿತಪಡಿಸಿ. ಬುಕಿಂಗ್ ಮಾಡಿಕೊಂಡವರು ಬೇರೆ, ಆ ದಿನ ಬಾಗಿಲು ತೆಗೆಯುವವರು ಬೇರೆ ಆಗಿರುವುದುಂಟು. ಬಾಗಿಲು ತೆಗೆಯುವವರ ನಂಬರ್ ಪಡೆಯಿರಿ. ಆಹ್ವಾನದಲ್ಲಿ ನಕ್ಷೆಯ ಕೊಂಡಿಯ ಜೊತೆಗೆ ಹತ್ತಿರದ ಮೆಟ್ರೊ ನಿಲ್ದಾಣ, ಆಟೊದವರಿಗೆ ಹೇಳಬೇಕಾದ ಗುರುತು, ಲಿಫ್ಟ್ ಎಲ್ಲಿದೆ ಎಂಬುದನ್ನು ಕನ್ನಡದಲ್ಲಿ ಬರೆಯಿರಿ.

ಆ ದಿನ ಒಬ್ಬರು ಗೇಟಿನಲ್ಲಿ, ಒಬ್ಬರು ಲಿಫ್ಟ್ ಬಳಿ, ಒಬ್ಬರು ಸೌಂಡ್‌ನವರ ಪಕ್ಕ ನಿಲ್ಲಲಿ. ಮೊದಲ ಸಾಲಿನ ಹತ್ತು ಕುರ್ಚಿ ನೆಂಟರಿಗಲ್ಲ, ಕಿವಿ ಮಂದವಾದ ಹಿರಿಯರಿಗೆ ಮೀಸಲು, ಚೀಟಿ ಅಂಟಿಸಿ. ಒಳಗೆ ಕಾಲಿಟ್ಟ ಕೂಡಲೇ ವಿದ್ಯುತ್ ಮೀಟರಿನ ಫೋಟೊ, ಮೊದಲೇ ಒಡೆದಿರುವ ಕುರ್ಚಿ, ಗಾಜು, ಗೋಡೆಯ ಕಲೆಗಳ ಫೋಟೊ ತೆಗೆದು ಮ್ಯಾನೇಜರ್‌ಗೆ ಕಳುಹಿಸಿ. ಹೊರಡುವಾಗ ಮತ್ತೊಮ್ಮೆ ಮೀಟರ್ ಫೋಟೊ ತೆಗೆಯಿರಿ, ಜನರೇಟರ್ ಓಡಿದ ಗಂಟೆಗಳನ್ನು ಅವರ ಎದುರಿಗೇ ಬರೆಸಿ ಸಹಿ ಹಾಕಿಸಿ. ಠೇವಣಿಯ ಬಾಕಿ ಲೆಕ್ಕ ಅಲ್ಲೇ ಮುಗಿಸಿ, ಉಳಿದ ಹಣ ಬರುವ ದಿನಾಂಕವನ್ನು ರಸೀದಿಯ ಹಿಂದೆ ಬರೆಸಿಕೊಳ್ಳಿ.